ಕುರ್ಚಿಯವರು ಕೇಳಿದ್ದು

ಲಿಫ್ಟಿನೊಳಗೆ ನಿಂತ ಮೇಲೆ ಅವಳಿಗೆ ತಾನು ಮೇಲೆ ಹೋಗಬೇಕೋ ಕೆಳಗೆ ಹೋಗಬೇಕೋ ತೋಚದಾಯಿತು. ಕೆಳಗೆ ಇರಬೇಕಾದವಳು. ಕುರ್ಚಿ ಕಂಪನಿಯವರ ಕಾರು ವಿಮಾನ ನಿಲ್ದಾಣ ಬಿಟ್ಟಿದೆಯೆಂದು ದುಭಾಷಿ ಹುಡುಗಿ ಆಗಲೇ ಸಂದೇಶ ಕಳಿಸಿದ್ದಳು. ಆದರೆ ಬೆರಳು ತನ್ನಷ್ಟಕ್ಕೆ ಮೇಲಿನ ಮಹಡಿಯ ಗುಂಡಿ ಒತ್ತಿಬಿಟ್ಟಿತ್ತು. ಅಲ್ಲಿ ಅಭ್ಯಾಸದ ಕೋಣೆ. ತಂಡದಲ್ಲಿ ಎಲ್ಲರೂ ಅಜ್ಜ ಎಂದು ಕರೆಯುವ ಆಟಗಾರನ ಮೇಜು ಖಾಲಿಯಾಗಿದೆಯೋ ಇಲ್ಲವೋ ಒಮ್ಮೆ ನೋಡಬೇಕೆನಿಸಿತ್ತು. ನೋಯುವ ಹಲ್ಲನ್ನು ನಾಲಿಗೆ ಹೋಗಿ ಹೋಗಿ ಮುಟ್ಟುತ್ತದಲ್ಲ, ಹಾಗೆ. ಲಿಫ್ಟಿನ ಕನ್ನಡಿಯಲ್ಲಿ ಅವಳ ಮುಖ ಮುಗುಳ್ನಗುತ್ತಲೇ ಇತ್ತು. ಈ ಕೆಲಸಕ್ಕೆ ಸೇರಿದ ಮೇಲೆ ಮುಖ ಹಾಗೇ ನಿಂತುಬಿಟ್ಟಿದೆ. ನಿದ್ದೆಯಲ್ಲೂ ನಗುತ್ತೀಯ, ಯಾರ ಜೊತೆ ಒಪ್ಪಂದ ಮಾಡ್ಕೋತಿದೀಯೋ ಗೊತ್ತಿಲ್ಲ ಎಂದು ಗಂಡ ಹಾಸ್ಯ ಮಾಡುತ್ತಾನೆ.

ಕೆಲಸವೇನೆಂದು ಅಮ್ಮನಿಗೆ ವಿವರಿಸಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಐದು ಜನ ಹುಡುಗರು ಪರದೆಯ ಮುಂದೆ ಕೂತು ಕಂಪ್ಯೂಟರ್ ಆಟ ಆಡುತ್ತಾರೆ, ಲಕ್ಷಗಟ್ಟಲೆ ಜನ ತಮ್ಮ ತಮ್ಮ ಪರದೆಯ ಮುಂದೆ ಕೂತು ಅದನ್ನು ನೋಡುತ್ತಾರೆ, ಆಡುವವರ ಎದೆಗೆ, ಕಿವಿಗೆ, ಬೆನ್ನ ಹಿಂದಿನ ಕುರ್ಚಿಗೆ ಯಾವ ದೇಶದ ಯಾವ ಕಂಪನಿಯ ಹೆಸರು ಹಚ್ಚಬೇಕು ಎಂದು ಮಾತಾಡಿ ಗಟ್ಟಿ ಮಾಡುವುದು ನನ್ನ ಕೆಲಸ, ಎಂದಿದ್ದಳು. ಅಮ್ಮ ಎಲ್ಲವನ್ನೂ ಕೇಳಿ, "ಅಂದ್ರೆ ಸಂಬಂಧ ಕುದುರಿಸೋದು," ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಳು. "ಗಂಡಿನ ಕಡೆಯವರಿಗೆ ಹೆಣ್ಣಿನ ಕಡೆಯವರ ಬಗ್ಗೆ ಒಳ್ಳೇದು ಹೇಳೋದು, ಇವರಿಗೆ ಅವರ ಬಗ್ಗೆ ಒಳ್ಳೇದು ಹೇಳೋದು. ಅದಕ್ಕೆ ಅಷ್ಟುದ್ದ ಯಾಕೆ ಹೇಳ್ತೀಯ." ಅದರಲ್ಲಿ ತಪ್ಪೇನೂ ಇರಲಿಲ್ಲ. ಆಟ ಅವಳಿಗೆ ಅರ್ಥವಾಗುವುದಿಲ್ಲ ಎನ್ನುವುದೂ ಸಂಬಂಧ ಕುದುರಿಸುವವಳಿಗೆ ದೊಡ್ಡ ಕೊರತೆಯಲ್ಲ; ಅಡುಗೆ ಬಾರದವಳೂ ಮದುವೆ ಮಾಡಿಸಬಹುದು. ಮೊದಮೊದಲು ಕಲಿಯಲು ನೋಡಿದ್ದಳು. ಪರದೆಯ ತುಂಬ ಬೆಳಕು ಸಿಡಿಯುತ್ತಿತ್ತು, ಸಣ್ಣ ಸಣ್ಣ ಆಕೃತಿಗಳು ಓಡುತ್ತಿದ್ದವು, ಯಾರು ನಮ್ಮವರು ಯಾರು ಅವರವರು ಎಂದು ಕಂಡುಹಿಡಿಯುವಷ್ಟರಲ್ಲಿ ಆಟ ಮುಗಿದು ಎಲ್ಲರೂ ಹೆಡ್‌ಫೋನು ತೆಗೆದು ಕಣ್ಣುಜ್ಜಿಕೊಳ್ಳುತ್ತಿದ್ದರು. ಆಮೇಲೆ ಬಿಟ್ಟಳು. ಪಕ್ಕದವರ ಮುಖ ನೋಡಿ ಖುಷಿಪಡುವುದನ್ನು, ಮುಖ ನೋಡಿ ಬೇಸರಪಡುವುದನ್ನು ಕಲಿತಳು. ಮುಖ ಓದುವುದು ಅವಳಿಗೆ ಚಿಕ್ಕಂದಿನಿಂದ ಬಂದ ವಿದ್ಯೆ.

ಆ ವಿದ್ಯೆಯೇ ಹೋದ ವಾರ ಕೈಕೊಟ್ಟಿತೋ, ಅಥವಾ ಸರಿಯಾಗಿಯೇ ಕೆಲಸ ಮಾಡಿತೋ. ವಿಡಿಯೊ ಕರೆಯಲ್ಲಿ ಕುರ್ಚಿ ಕಂಪನಿಯ ಮುಖ್ಯಸ್ಥ ಮುಂದಿನ ವರ್ಷದ ಜಾಹೀರಾತಿನ ಚಿತ್ರಗಳನ್ನು ನೋಡುತ್ತಿದ್ದ. ಐದು ಆಟಗಾರರು, ಐದು ಕುರ್ಚಿ. ಅಜ್ಜನ ಚಿತ್ರ ಬಂದಾಗ ಆತ ನಿಲ್ಲಿಸಿದ. ಏನೋ ಕೇಳಿದ. "ಇವರ ವಯಸ್ಸೆಷ್ಟು ಅಂತ ಕೇಳ್ತಿದಾರೆ," ಎಂದಳು ದುಭಾಷಿ. ಆಮೇಲಿನದು ಅವಳಿಗೆ ಚೆನ್ನಾಗಿ ನೆನಪಿದೆ: ಆತ ಪರದೆಯಿಂದ ಕಣ್ಣು ತೆಗೆದು ಪಕ್ಕಕ್ಕೆ ನೋಡಿದ್ದು, ಪೆನ್ನನ್ನು ಮೇಜಿನ ಅಂಚಿಗೆ ಸಮನಾಗಿ ಜೋಡಿಸಿದ್ದು. ಹೊರದೇಶದವರ ಜೊತೆ ವ್ಯವಹಾರ ಮಾಡಿದವರಿಗೆ ಗೊತ್ತು, ದೊಡ್ಡ ಮಾತುಗಳನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಪೆನ್ನು ಜೋಡಿಸುತ್ತಾರೆ. ಈ ಆಟದಲ್ಲಿ ಹದಿನೇಳಕ್ಕೆ ಹುಡುಗ, ಇಪ್ಪತ್ತೊಂದಕ್ಕೆ ಗಂಡಸು, ಇಪ್ಪತ್ತೈದು ದಾಟಿದರೆ ಮುದುಕ. ಅಜ್ಜನಿಗೆ ಇಪ್ಪತ್ತೇಳು, ಅದಕ್ಕೇ ಆ ಹೆಸರು. ಆತ ವಯಸ್ಸು ಕೇಳಿದನೆಂದರೆ ಏನು ಕೇಳಿದ ಎನ್ನುವುದು ಅವಳಿಗೆ ಹೊಳೆದುಹೋಯಿತು. ಹೊಳೆದ ಖುಷಿಯಲ್ಲಿ, ವಯಸ್ಸು ಹೇಳದೆ, "ಅದನ್ನ ನಾವು ನೋಡ್ಕೋತೀವಿ ಅಂತ ಹೇಳಮ್ಮ," ಎಂದಳು. ಆತ ಒಂದು ಕ್ಷಣ ತಡೆದು ತಲೆಯಾಡಿಸಿದ. ಆ ತಡೆದದ್ದು, ಆ ತಲೆಯಾಡಿಸಿದ್ದು, ಎರಡೂ ಅವಳ ಲೆಕ್ಕಕ್ಕೆ ಸರಿಯಾಗಿ ಕೂತವು. ಕರೆ ಮುಗಿದೊಡನೆ ತಂಡದ ಯಜಮಾನರ ಕೋಣೆಗೆ ಹೋಗಿ, "ಕುರ್ಚಿಯವರಿಗೆ ಅಜ್ಜನ ವಿಷಯದಲ್ಲಿ ಸ್ವಲ್ಪ ಮನಸ್ಸಿಲ್ಲ. ವಯಸ್ಸು," ಎಂದಳು. ಯಜಮಾನರು ಕೋಚಿಗೆ ಹೇಳಿದರು. ಕೋಚ್ ನಿನ್ನೆ ಅಜ್ಜನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ, ಎಲ್ಲರೂ ಮರಿ ಎಂದು ಕರೆಯುವ ಎಳೆಯ ಹುಡುಗನನ್ನು ಕೂರಿಸಿದ. ದೊಡ್ಡ ಪಂದ್ಯಾವಳಿಗೆ ಐದು ಹೆಸರು ಇವತ್ತು ಸಂಜೆಯೊಳಗೆ ಹೋಗಬೇಕು. ಹೆಸರು ಹೋಗದಿದ್ದರೆ ಅಜ್ಜನ ಒಪ್ಪಂದ ಅಲ್ಲಿಗೇ ಮುಗಿಯುತ್ತದೆ. ಆ ವಯಸ್ಸಿಗೆ ಇನ್ನೊಂದು ತಂಡ ಸಿಗುವುದು ಕಲ್ಲಿನಲ್ಲಿ ನೀರು ಹಿಂಡಿದ ಹಾಗೆ.

ಅಭ್ಯಾಸದ ಕೋಣೆಯ ಬಾಗಿಲು ತಳ್ಳಿದಾಗ ಎಂದಿನಂತೆ ಬಿಸಿಯಾದ ಯಂತ್ರಗಳ, ಕಾಲುಚೀಲಗಳ, ಯಾರೋ ಅರ್ಧ ಕುಡಿದಿಟ್ಟ ಕಾಫಿಯ ವಾಸನೆ. ಕಿಟಕಿಯ ಪರದೆ ಎಳೆದಿದ್ದರಿಂದ ಹೊತ್ತು ಎಷ್ಟೆಂದು ಹೇಳುವಂತಿರಲಿಲ್ಲ. ಐದು ಬೆನ್ನು, ಐದು ಕುರ್ಚಿ. ಕುರ್ಚಿಯ ತಲೆಯ ಬಳಿ ಕಂಪನಿಯ ಹೆಸರು ಹೊಲಿದಿತ್ತು; ಆದರೆ ಹುಡುಗರು ಸೋಮಾರಿಗಳಂತೆ ಹಿಂದಕ್ಕೆ ಒರಗಿ ಕೂರುವುದರಿಂದ ಹೆಸರು ಅವರ ತಲೆಯ ಹಿಂದೆ ಮುಚ್ಚಿಹೋಗುತ್ತಿತ್ತು. ಒಪ್ಪಂದದಲ್ಲಿ ಅದಕ್ಕೆಂದೇ ಒಂದು ಸಾಲು ಸೇರಿಸಿ, ಎಷ್ಟು ಹೇಳಿದರೂ ಕೇಳುವವರಿಲ್ಲ. ಅಜ್ಜನೊಬ್ಬನೇ ಮುಂದಕ್ಕೆ ಬಾಗಿ, ಗದ್ದ ಪರದೆಗೆ ತಾಗುವ ಹಾಗೆ ಕೂರುವವನು. ಎಲ್ಲ ಚಿತ್ರಗಳಲ್ಲೂ ಹೆಸರು ನಿಚ್ಚಳವಾಗಿ ಕಾಣುವುದು ಅವನ ಬೆನ್ನ ಹಿಂದೆಯೇ. ಅಷ್ಟು ದುಬಾರಿ ಕುರ್ಚಿಗೆ ಒಂದು ದಿನವೂ ಬೆನ್ನು ಕೊಡದವನಿಂದಲೇ ಕುರ್ಚಿಗೆ ಹೆಸರು ಎಂದು ತಮಾಷೆಯಾಗಿತ್ತು. ಈಗ ಅವನು ಹಿಂದೆ, ಗೋಡೆಯ ಬಳಿ, ಎಲ್ಲಿಂದಲೋ ಎಳೆದು ತಂದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಮೊಣಕಾಲ ಮೇಲೆ ಕೈಯೂರಿ ಮರಿಯ ಪರದೆಯನ್ನೇ ನೋಡುತ್ತಿದ್ದ. ಮೇಜು ಖಾಲಿಯಾಗಿರಲಿಲ್ಲ. ಅವನ ನೀರಿನ ಬಾಟಲು ಮರಿಯ ಕೈಯ ಪಕ್ಕದಲ್ಲಿ ಹಾಗೇ ಇತ್ತು. ಖಾಲಿಯಾಗಿದ್ದಿದ್ದರೆ ಚೆನ್ನಾಗಿತ್ತು ಎಂದು ಅವಳಿಗನ್ನಿಸಿ, ಹಾಗನ್ನಿಸಿದ್ದಕ್ಕೆ ನಾಚಿಕೆಯಾಯಿತು.

"ಅಜ್ಜಾ, ಕೋಲು ತರ್ಲಾ, ಎದ್ದು ಓಡಾಡೋಕೆ?" ಎಂದ ಮರಿ, ತಿರುಗದೆ.

"ತಾರೋ. ನಿನ್ನ ಬೆನ್ನಿಗೇ ಬೇಕಾಗಿದೆ," ಎಂದ ಅಜ್ಜ. ಎಲ್ಲರೂ ನಕ್ಕರು. ಮರಿಯ ನಗು ಎಲ್ಲರಿಗಿಂತ ಮೊದಲು ನಿಂತಿತು.

ಅವಳನ್ನು ಕಂಡು ಅಜ್ಜ ಎದ್ದು ಬಾಗಿಲ ಬಳಿ ಬಂದ. ಎದ್ದು ನಿಂತಾಗಲೂ ಸ್ವಲ್ಪ ಬಾಗಿಯೇ ಇರುತ್ತಾನೆ, ಎಲ್ಲೆಲ್ಲೂ ಪರದೆ ಇದೆಯೇನೋ ಎನ್ನುವ ಹಾಗೆ. "ಅಕ್ಕಾ, ಒಂದು ಕೇಳ್ಲಾ?"

"ಕೇಳು."

"ಕುರ್ಚಿಯವರು ಹೇಳಿದ್ರಂತೆ, ನಾನು ಬೇಡ ಅಂತ."

"ಯಾರು ಹೇಳಿದ್ದು ನಿಂಗೆ?"

"ಗೋಡೆಗೂ ಕಿವಿ ಇರುತ್ತಲ್ಲ. ಇಲ್ಲಂತೂ ಎಲ್ಲರ ಕಿವಿ ಮೇಲೂ ಹೆಡ್‌ಫೋನು, ಗೋಡೆಗೆ ಮಾತ್ರ ಕೇಳ್ಸೋದು." ಅವನು ನಕ್ಕ. ಅವಳೂ ನಕ್ಕಳು, ಅದು ಅಭ್ಯಾಸ. ಅವನು ನಗು ನಿಲ್ಲಿಸಿ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ನಾನು ಅವರಿಗೆ ಏನು ಮಾಡಿದೆ ಅಂತ ಯೋಚಿಸ್ತಿದ್ದೆ. ಒಂದ್ಸಲ ಅವರ ಫೋಟೊದವರು ಬಂದಾಗ ಒರಗಿ ಕೂತ್ಕೊಳಿ ಅಂದ್ರು, ನಂಗೆ ಬರಲ್ಲ ಅಂದಿದ್ದೆ. ಅದಕ್ಕೇನಾದ್ರೂ..."

"ಏ, ಹಾಗೇನಿಲ್ಲ."

"ಒರಗಿ ಕೂರ್ತೀನಿ ಬೇಕಾದ್ರೆ. ಹೇಳಿ ಅವರಿಗೆ. ನಂಗೆ ಬೇರೇನೂ ಬರಲ್ಲ ಅಕ್ಕಾ. ಶಾಲೆ ಬಿಟ್ಟು ಇದನ್ನೇ ಹಿಡ್ದೆ. ನಮ್ಮಪ್ಪ ಈಗಲೂ ನೆಂಟರ ಹತ್ರ ನಾನು ಕಂಪ್ಯೂಟರ್ ರಿಪೇರಿ ಮಾಡ್ತೀನಿ ಅಂತಾನೇ ಹೇಳೋದು. ಅವರು ಕೆಟ್ಟ ಯಂತ್ರ ತಂದುಕೊಟ್ಟು ಹೋಗ್ತಾರೆ. ಅದೂ ಬರಲ್ಲ ನಂಗೆ."

"ನೋಡೋಣ," ಎಂದಳು. ನೋಡೋಣ ಎನ್ನುವುದು ಅವಳ ಕೆಲಸದ ಮಾತು. ಅದರಲ್ಲಿ ಹೂಂ ಎಷ್ಟಿದೆ ಉಹೂಂ ಎಷ್ಟಿದೆ ಎಂದು ಅವಳಿಗೂ ಗೊತ್ತಿರುವುದಿಲ್ಲ. ಅವನು ಅದರೊಳಗಿನ ಹೂಂ ಅನ್ನಷ್ಟೇ ಆರಿಸಿಕೊಂಡು, ತಲೆಯಾಡಿಸಿ, ಮತ್ತೆ ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಅವಳು ಚಿಕ್ಕವಳಿದ್ದಾಗ, ಮನೆಯಲ್ಲಿ ಅಪ್ಪ ಅಮ್ಮ ಮಾತು ಬಿಟ್ಟಿದ್ದ ದಿನಗಳಲ್ಲಿ ಅವಳಿಗೆ ಇದೇ ಕೆಲಸ. ಏನು ಕಾರಣಕ್ಕೆ ಬಿಟ್ಟರೋ, ಮಕ್ಕಳಿಗೆ ಯಾರು ಹೇಳುತ್ತಾರೆ. ಅಪ್ಪ ಮುಂದಿನ ಕೋಣೆಯಲ್ಲಿ, ಅಮ್ಮ ಅಡುಗೆಮನೆಯಲ್ಲಿ, ನಡುವಿನ ಓಣಿಯಂಥ ಜಾಗದಲ್ಲಿ ಇವಳು. ಅಪ್ಪನ ತಟ್ಟೆ ಖಾಲಿಯಾಗಿದ್ದರೆ ಒಳಗೆ ಓಡಿ, "ಅಪ್ಪ ಅಡುಗೆ ಚೆನ್ನಾಗಿದೆ ಅಂದ್ರು," ಎನ್ನುತ್ತಿದ್ದಳು. ಅಪ್ಪ ಏನೂ ಅಂದಿರುತ್ತಿರಲಿಲ್ಲ. "ಅಮ್ಮ ನಿಮ್ಮ ಅಂಗಿಗೆ ಗುಂಡಿ ಹೊಲೀತೀನಿ ಅಂದ್ರು," ಎಂದು ಹೊರಗೆ ಹೇಳಿ, "ಅಪ್ಪ ಅಂಗಿಗೆ ಗುಂಡಿ ಹೊಲೀತೀಯಾ ಅಂತ ಕೇಳಿದ್ರು," ಎಂದು ಒಳಗೆ ಹೇಳುತ್ತಿದ್ದಳು. ಗುಂಡಿ ಹೊಲಿದಾಗುತ್ತಿತ್ತು. ಎಷ್ಟೋ ವರ್ಷದ ಮೇಲೆ, ಅಪ್ಪ ಹೋದ ಮೇಲೆ, ಅಮ್ಮ ಬಟ್ಟೆ ಮಡಿಸುತ್ತಾ, "ನಂಗೆ ಗೊತ್ತಿತ್ತು ಬಿಡು, ಅವರು ಒಂದನ್ನೂ ಹೇಳಿರ್ಲಿಲ್ಲ," ಎಂದಳು. ಗೊತ್ತಿದ್ದೂ ಯಾಕೆ ಹೊಲಿದೆ ಎಂದು ಇವಳು ಕೇಳಲಿಲ್ಲ. ಕೇಳಬೇಕಾಗಿತ್ತೇನೋ. ಗೊತ್ತಿದ್ದೂ ನಡೆದ ಆ ಸಂಸಾರದಲ್ಲಿ ತನ್ನ ಪಾಲು ಏನಿತ್ತು, ಏನೂ ಇರಲಿಲ್ಲವೇ ಎಂದು ಆಮೇಲೆ ಬಹಳ ದಿನ ಗಲಿಬಿಲಿಯಾಗಿತ್ತು.

ಕುರ್ಚಿಯವರು ಬಂದರು. ಪರದೆಯ ಮೇಲೆ ಭುಜದವರೆಗೆ ಕಂಡಾಗ ದೊಡ್ಡ ಆಳು ಎನಿಸಿದ್ದ ಮನುಷ್ಯ ಕಾರಿನಿಂದ ಇಳಿದಾಗ ಸಣಕಲು, ಕುಳ್ಳ. ಇಳಿದವನೇ ಸೊಂಟದ ಮೇಲೆ ಎರಡೂ ಕೈಯಿಟ್ಟು ಹಿಂದಕ್ಕೆ ಬಾಗಿ ಮುಲುಗಿದ. ಜಗತ್ತಿಗೆಲ್ಲ ಬೆನ್ನಿಗೆ ಹಿತವಾದ ಕುರ್ಚಿ ಮಾರುವವನಿಗೆ ಬೆನ್ನುನೋವು. ಅವಳಿಗೆ ಅವನ ಮೇಲೆ ಒಂದು ಬಗೆಯ ಅಕ್ಕರೆ ಹುಟ್ಟಿತು, ಅದರ ಹಿಂದೆಯೇ ಹೆದರಿಕೆ. ದುಭಾಷಿ ಹುಡುಗಿ, ಕೈಯಲ್ಲಿ ಅವನ ಚೀಲವನ್ನೂ ತನ್ನ ಚೀಲವನ್ನೂ ಹಿಡಿದು, "ಅವರಿಗೆ ಮೊದಲು ಆಟ ನೋಡ್ಬೇಕಂತೆ, ಮೀಟಿಂಗು ಆಮೇಲಂತೆ," ಎಂದಳು.

ಕೋಣೆಯಲ್ಲಿ ಆಟ ನಡೆಯುತ್ತಿತ್ತು. ಅವಳಿಗೂ ಆತನಿಗೂ ಹುಡುಗರ ಬೆನ್ನ ಹಿಂದೆ ಆಸನ ಹಾಕಿದ್ದರು. ಆತ ಗಂಭೀರವಾಗಿ ಪರದೆಯನ್ನು ನೋಡಿದ. ಅವಳು ಆತನ ಕೆನ್ನೆಯನ್ನು ನೋಡಿದಳು. ಒಮ್ಮೆ ದೊಡ್ಡ ಪರದೆಯ ತುಂಬ ಕಿತ್ತಳೆ ಬೆಳಕು ಭಗ್ಗೆಂದು ಎದ್ದಿತು. ಇಷ್ಟು ಬೆಳಕಿಗೆ ಒಳ್ಳೆಯದೇ ಆಗಿರಬೇಕೆಂದು ಅವಳು ಚಪ್ಪಾಳೆ ತಟ್ಟಿದಳು. ಆತನೂ ಬೆನ್ನಲ್ಲೇ ತಟ್ಟಿದ. ಕೋಚಿನ ಕತ್ತು ಗಟ್ಟಿಯಾಯಿತು. ಮರಿ ಮೌಸನ್ನು ಕುಕ್ಕಿದ. ಸತ್ತದ್ದು ನಮ್ಮವನೇ ಎಂದು ಗೊತ್ತಾಗಿ ಅವಳ ಕೈ ಗಾಳಿಯಲ್ಲಿ ನಿಂತಾಗ, ಆತನ ಕೈಯೂ ಗಾಳಿಯಲ್ಲಿ ನಿಂತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಈತನಿಗೂ ತಿಳಿಯುವುದಿಲ್ಲ. ಇಷ್ಟು ವರ್ಷ ಇಬ್ಬರೂ ಸಮುದ್ರದ ಆಚೆ ಈಚೆ ಕೂತು, ಇಬ್ಬರಿಗೂ ತಿಳಿಯದ ವಸ್ತುವನ್ನು ಗಂಭೀರವಾಗಿ ಕೊಟ್ಟು ತೆಗೆದುಕೊಂಡಿದ್ದಾರೆ. ಅವಳಿಗೆ ನಗು ಉಕ್ಕಿ ಬಂದು ಕೆಮ್ಮಿದಳು. ಆತನೂ ಕೆಮ್ಮಿದ. ಆಮೇಲೆ ಸುತ್ತ ಕಣ್ಣಾಡಿಸಿ, ದುಭಾಷಿಯ ಕಡೆ ಬಾಗಿ ಏನೋ ಕೇಳಿದ.

"ಆ ಹಿರಿಯ ಆಟಗಾರರು ಎಲ್ಲಿ ಅಂತ ಕೇಳ್ತಿದಾರೆ. ಅವರ ಚಿತ್ರದಲ್ಲಿ ಇರ್ತಾರಲ್ಲ, ಅವರು."

ಅವಳು ತಟ್ಟನೆ ಮುಖಕ್ಕೆ ನಗು ತಂದುಕೊಂಡಳು. "ಇವತ್ತು... ಇವತ್ತು ವಿಶ್ರಾಂತಿ ಅವರಿಗೆ," ಎಂದಳು. ಹೇಳುವಾಗಲೇ, ತನ್ನ ಹಿಂದೆ ನಾಲ್ಕು ಮಾರು ದೂರದಲ್ಲಿ ಅಜ್ಜ ಕೂತಿದ್ದಾನೆಂಬುದು ನೆನಪಾಯಿತು. ಆತ ತಿರುಗಿದ. ಗೋಡೆಗೆ ತಾಗಿ ಕೂತಿದ್ದವನನ್ನು ಕುರ್ಚಿಯ ಹೆಸರಿಲ್ಲದ ಕಾರಣಕ್ಕೋ ಏನೋ ಮೊದಲು ಗುರುತಿಸಲಿಲ್ಲ. ಆಮೇಲೆ ಗುರುತಿಸಿ ಮುಖ ಅರಳಿಸಿದ. ಅಜ್ಜ ಗಡಬಡಿಸಿ ಎದ್ದ, ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಬಿದ್ದು ಸದ್ದು ಮಾಡಿತು. ಆತ ಬಿದ್ದ ಕುರ್ಚಿಯನ್ನು ನೋಡಿದ, ಅಜ್ಜನನ್ನು ನೋಡಿದ, ಕೊನೆಗೆ ಅವಳನ್ನು ನೋಡಿದ. ಆ ನೋಟದಲ್ಲಿ ಏನಿತ್ತು? ಅವಳು ಓದಲು ಹೋದಳು, ಅಕ್ಷರಗಳೆಲ್ಲ ಕಲಸಿಕೊಂಡವು. ಆತ ದುಭಾಷಿಗೆ ಬಹಳ ಹೊತ್ತು ಏನೋ ಹೇಳಿದ.

"ಅವತ್ತು ನೀವು ಇವರ ವಯಸ್ಸು ಹೇಳ್ಲೇ ಇಲ್ಲ, ಕೇಳಿದ್ದೇ ತಪ್ಪಾಯ್ತೇನೋ ಅಂತ ಅವರಿಗೆ ಆಮೇಲೆ ಅನ್ನಿಸ್ತಂತೆ. ಇಲ್ಲಿ ವಯಸ್ಸು ಕೇಳಬಾರ್ದೇನೋ ಅಂದ್ಕೊಂಡು ಸುಮ್ಮನಾದ್ರಂತೆ."

"ಯಾಕೆ ಕೇಳಿದ್ರು ಅಂತ ಕೇಳಮ್ಮ," ಎಂದಳು.

ದುಭಾಷಿ ಕೇಳಿದಳು. ಆತ ಯೋಚಿಸಿದ. ನಿಜವಾಗಿಯೂ ಯೋಚಿಸಿದನೆಂದು ಕಂಡಿತು. ಒಂದು ಸಣ್ಣ ಶಬ್ದ ಹೇಳಿದ.

"ಸುಮ್ಮನೆ ಅಂತೆ."

ಸುಮ್ಮನೆ. ಯಾರು ಸುಮ್ಮನೆ ಏನನ್ನು ಕೇಳುತ್ತಾರೆ? ಸುಮ್ಮನೆ ಎನ್ನುವುದೂ ಒಂದು ಮುಚ್ಚಳವಿರಬಹುದು. ಈಗ ಎದುರಿಗೇ ಅಜ್ಜ ನಿಂತಿರುವಾಗ ಬೇರೇನು ತಾನೇ ಹೇಳಿಯಾನು. ಇಲ್ಲ, ಸುಮ್ಮನೆ ಎಂದರೆ ಸುಮ್ಮನೆಯೇ ಇರಬಹುದು. ಬೀದಿಯಲ್ಲಿ ಹೋಗುವ ಮಗುವನ್ನು ನಿಲ್ಲಿಸಿ ನಿನ್ನ ಹೆಸರೇನು ಎಂದು ಕೇಳುವ ಹಾಗೆ. ಹಾಗಾದರೆ ಒಬ್ಬ ಮನುಷ್ಯನ ಬದುಕನ್ನು ತಾನು ಒಂದು ಪೆನ್ನು ಮೇಜಿನ ಅಂಚಿಗೆ ಜೋಡಿಸಿದ್ದರ ಮೇಲೆ ಮಾರಿಬಿಟ್ಟೆನೇ? ಕೋಣೆಯಿಂದ ಹೊರಬರುವಾಗ ಅಜ್ಜ ಅವಳತ್ತ ಕಣ್ಣಲ್ಲೇ ಏನಂದ್ರು ಎಂದು ಕೇಳಿದ. ಅವಳು ಕಣ್ಣಲ್ಲೇ ನೋಡೋಣ ಎಂದಳು.

ಯಜಮಾನರು ತಮ್ಮ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ಕೂತು ಯೋಚಿಸಲು ಬಾರದ ಮನುಷ್ಯ. ಗೋದಾಮುಗಳನ್ನು ನಡೆಸುತ್ತಿದ್ದವರು, ಮಗಳು ಆಟದ ಹುಚ್ಚು ಹಿಡಿಸಿಕೊಂಡಾಗ, ಇಷ್ಟು ಜನ ನೋಡುತ್ತಾರೆಂದರೆ ಇದರಲ್ಲಿ ಏನೋ ಇದೆ ಎಂದು ತಂಡ ಕಟ್ಟಿದವರು. ಕೋಚ್ ಸೋಫಾದ ಕೈಯ ಮೇಲೆ ಕೂತು ಫೋನು ನೋಡುತ್ತಿದ್ದ. ಅವಳು ನಿಂತೇ ಹೇಳಿದಳು. ಕುರ್ಚಿಯವರು ಅಜ್ಜ ಎಲ್ಲಿ ಎಂದು ಕೇಳಿದರು. ಬೇಡ ಅನ್ನೋ ಹಾಗೆ ಕಾಣಲ್ಲ. ಬಹುಶಃ ಅವತ್ತು ನಾನು ತಪ್ಪು ತಿಳಿದೆ.

"ನೀನೇ ಬಂದು ಹೇಳಿದ್ದಲ್ವಾ, ಮನಸ್ಸಿಲ್ಲ ಅಂತ?" ಯಜಮಾನರು ನಿಂತರು. ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯಬೇಕೆಂಬ ಹಾಗಿತ್ತು.

"ಹೇಳಿದ್ದೆ."

"ಅವತ್ತು ವಯಸ್ಸು ಕೇಳಿದ್ರು. ಇವತ್ತು ಎಲ್ಲಿ ಅಂತ ಕೇಳಿದ್ರು. ಎರಡೂ ಕೇಳಿದ್ದೇ ಹೊರತು ಹೇಳಿದ್ದಲ್ಲ. ಎದುರಿಗೆ ಸಿಕ್ಕಿದವನನ್ನ ಚೆನ್ನಾಗಿದೀರಾ ಅಂತ ವಿಚಾರಿಸದೆ ಇರ್ತಾರಾ? ನೆಂಟರು ಮನೆಗೆ ಬಂದಾಗ ಕೆಟ್ಟ ಮಗನನ್ನೂ ಎಲ್ಲಿ ಅಂತ ಕೇಳ್ತಾರೆ."

ಅದೂ ನಿಜವೆನಿಸಿತು. ಅವಳು ಕೋಚಿನ ಕಡೆ ತಿರುಗಿದಳು. ಈವರೆಗೆ ಯಾರನ್ನೂ ಕೇಳದ ಪ್ರಶ್ನೆಯನ್ನು, ನಾಚಿಕೆ ಬಿಟ್ಟು ಕೇಳಿದಳು. "ಅವನು ಚೆನ್ನಾಗಿ ಆಡ್ತಾನಾ?"

ಕೋಚ್ ತಲೆಯೆತ್ತಿದ. ಏಳು ವರ್ಷ ಜೊತೆಗೆ ಕೆಲಸ ಮಾಡಿದ ಮೇಲೆ ಇದೇನು ಪ್ರಶ್ನೆ ಎನ್ನುವ ಹಾಗೆ ನೋಡಿದರೂ ಆಡಿಕೊಳ್ಳಲಿಲ್ಲ. "ಆಡ್ತಾನೆ."

"ಹಾಗಾದ್ರೆ?"

"ಚೆನ್ನಾಗಿ ಆಡೋದು ಬೇರೆ, ಬೇಗ ಆಡೋದು ಬೇರೆ. ಮರಿ ಬೇಗ ಇದಾನೆ. ಅಜ್ಜ ಎದುರಿಗಿರೋನು ಏನು ಮಾಡ್ತಾನೆ ಅಂತ ಮೊದಲೇ ತಿಳ್ಕೋತಾನೆ. ಮರಿಗೆ ತಿಳ್ಕೊಳ್ಳೋ ಅಗತ್ಯಾನೇ ಇಲ್ಲ, ಅಷ್ಟರೊಳಗೆ ಮಾಡಿ ಮುಗಿಸಿರ್ತಾನೆ. ಯಾವುದು ಮೇಲು ಅಂದ್ರೆ..." ಅವನು ಭುಜ ಕುಣಿಸಿದ. "ಇವತ್ತು ಒಂದು, ನಾಳೆ ಒಂದು."

"ನಾನು ಆ ಮಾತು ತರದಿದ್ರೆ ತೆಗೀತಿದ್ರಾ?"

"ಯಾವತ್ತೋ ಒಂದು ದಿನ ತೆಗೀಲೇಬೇಕಿತ್ತು," ಎಂದ. ಅದು ಹೂಂ ಕೂಡ ಅಲ್ಲ, ಉಹೂಂ ಕೂಡ ಅಲ್ಲ. ಅವಳನ್ನು ಸಮಾಧಾನಪಡಿಸಲು ಹೇಳಿದನೋ, ಇಲ್ಲ ತನಗೇ ಧೈರ್ಯ ಸಾಲದೆ ಅವಳ ಮಾತಿನ ಹಿಂದೆ ಅಡಗಿದ್ದನೋ. ತಪ್ಪು ತನ್ನದೇ ಎಂದು ಗಟ್ಟಿಯಾಗಿದ್ದರೆ ಅದನ್ನು ಹೊತ್ತುಕೊಂಡಾದರೂ ನಿಲ್ಲಬಹುದಿತ್ತು. ಇದು ಹೊರಲು ಹೋದರೆ ಕೈಗೆ ಸಿಗದೆ, ಬಿಟ್ಟು ನಡೆದರೆ ಕಾಲಿಗೆ ತೊಡರಿಕೊಳ್ಳುವ ಗಂಟು.

"ಒಂದು ಕೆಲಸ ಮಾಡು," ಎಂದರು ಯಜಮಾನರು. "ನೇರವಾಗಿ ಕೇಳಿಬಿಡು. ಬೇಕಾ, ಬೇಡ್ವಾ. ಬೇಕು ಅಂದ್ರೆ ಅಜ್ಜನ ಹೆಸರು ಕಳ್ಸೋಣ. ನಾನು ಕೇಳಿದ್ರೆ ಒತ್ತಾಯ ಆಗುತ್ತೆ. ನೀನು ಕೇಳಿದ್ರೆ ಮಾತು."

ಮೀಟಿಂಗಿನ ಕೋಣೆಯಲ್ಲಿ ಆತ ಕುರ್ಚಿಯಲ್ಲಿ ಕೂರದೆ ಕಿಟಕಿಯ ಬಳಿ ನಿಂತಿದ್ದ. ಕೆಳಗೆ ರಸ್ತೆಯಲ್ಲಿ ಯಾರೋ ಸೈಕಲ್ಲನ್ನು ಕಂಬಕ್ಕೆ ಕಟ್ಟುತ್ತಿದ್ದರು, ಆತ ಅದನ್ನೇ ನೋಡುತ್ತಿದ್ದ. ಅವಳು ಕೇಳಿದಳು. ಇಷ್ಟು ನೇರವಾಗಿ ಯಾವ ಪಾಲುದಾರನನ್ನೂ ಕೇಳಿದವಳಲ್ಲ. ಬಟ್ಟೆಯಿಲ್ಲದೆ ನಿಂತ ಹಾಗಾಯಿತು. ದುಭಾಷಿಯೂ ಒಮ್ಮೆ, "ಹಾಗೇ ಕೇಳ್ಲಾ?" ಎಂದು ಖಚಿತಪಡಿಸಿಕೊಂಡಳು. ಆತ ಕಿಟಕಿಯ ಗಾಜಿನ ಮೇಲೆ ಬೆರಳಿಟ್ಟು, ತೆಗೆದು, ಬೆರಳಿನ ಗುರುತನ್ನು ಅಂಗಿಯ ತೋಳಿನಿಂದ ಒರೆಸಿದ. ಅವಳು ತನ್ನಲ್ಲಿದ್ದ ವಿದ್ಯೆಯನ್ನೆಲ್ಲ ಕೂಡಿಸಿ ನೋಡಿದಳು. ಗಾಜು ಒರೆಸಿದರೆ ಏನರ್ಥ? ಗುರುತು ಬೇಡ ಎಂದೇ? ಗಾಜು ಶುಭ್ರವಾಗಿರಲಿ ಎಂದೇ? ಆತ ನಿಧಾನವಾಗಿ ಮಾತಾಡಿದ.

"ತಂಡ ನಿಮ್ಮದು, ಅಂತ ಹೇಳಿದ್ರು," ಎಂದಳು ದುಭಾಷಿ.

"ಅಷ್ಟೇನಾ? ಇನ್ನೂ ಏನೋ ಹೇಳಿದ್ರಲ್ಲ."

"ಅಷ್ಟೇ ಮೇಡಂ. ಅದನ್ನೇ ಎರಡು ಸಲ ಹೇಳಿದ್ರು. ಆಮೇಲೆ ಕೈ ತೊಳೆಯೋ ಜಾಗ ಎಲ್ಲಿದೆ ಅಂತ."

ಮೀಟಿಂಗಿನ ಕೋಣೆಯಿಂದ ಯಜಮಾನರ ಕೋಣೆಗೆ ಉದ್ದನೆಯ ಓಣಿ. ನೆಲಕ್ಕೆ ಬೂದು ಹಾಸು, ಹೆಜ್ಜೆ ಕೇಳಿಸುವುದಿಲ್ಲ. ನಡೆಯುತ್ತಾ ಅವಳ ಬಾಯಲ್ಲಿ ವಾಕ್ಯ ತಾನಾಗಿ ಸಿದ್ಧವಾಗುತ್ತಿತ್ತು: ಅಜ್ಜ ಬೇಕೇ ಬೇಕಂತೆ. ಎಷ್ಟು ಸರಾಗವಾದ ಮಾತು. ಯಜಮಾನರು ಹೂಂ ಅನ್ನುತ್ತಾರೆ, ಕೋಚ್ ಭುಜ ಕುಣಿಸುತ್ತಾನೆ, ಸಂಜೆ ಹೆಸರು ಹೋಗುತ್ತದೆ. ಹೋದ ವಾರದ ಸುಳ್ಳಿಗೆ ಈ ವಾರದ ಸುಳ್ಳು ಸಮ. ಆದರೆ ಹೋದ ವಾರದ್ದು ಸುಳ್ಳೆಂದು ಯಾರು ಹೇಳಿದರು? ಆತನಿಗೆ ನಿಜವಾಗಿಯೂ ಮನಸ್ಸಿಲ್ಲದಿದ್ದು, ಈಗ ಮರ್ಯಾದೆಗೆ ಬಾಯಿ ಮುಚ್ಚಿಕೊಂಡಿದ್ದರೆ? ಪಂದ್ಯಾವಳಿಯಲ್ಲಿ ಸೋತರೆ? ಮರಿಯೂ ಒಂದು ತಾಯಿಯ ಮಗನೇ ಅಲ್ಲವೇ, ನಿನ್ನೆಯಿಂದ ಆ ಕುರ್ಚಿಯಲ್ಲಿ ಕೂತು ಎಲ್ಲರಿಗಿಂತ ಮೊದಲು ನಗು ನಿಲ್ಲಿಸುತ್ತಿದ್ದಾನೆ. ಇನ್ನೊಂದು ಮಾತನ್ನು ಒಬ್ಬರ ಬಾಯಿಂದ ಕಿತ್ತು ಇನ್ನೊಬ್ಬರ ಕಿವಿಗೆ ಹಾಕುವ ಶಕ್ತಿ ತನಗಿಲ್ಲ ಎನಿಸಿತು. ಅದು ಪ್ರಾಮಾಣಿಕತೆಯೇನೂ ಅಲ್ಲ, ಬರೀ ದಣಿವು. ಸೋತ ಕೈಯಿಂದ ಚೀಲ ಜಾರುವ ಹಾಗೆ ವಾಕ್ಯ ಜಾರಿತು. ಬಾಗಿಲು ತೆರೆದಾಗ ಇಬ್ಬರೂ ಅವಳ ಮುಖ ನೋಡಿದರು.

"ಏನಂದ್ರು?"

"ತಂಡ ನಿಮ್ಮದು ಅಂದ್ರು."

"ಅಂದ್ರೆ?"

"ಅಷ್ಟೇ ಅಂದ್ರು."

"ಅದು ಸರಿ. ಬೇಕಾ, ಬೇಡ್ವಾ? ನಿನಗೇನನ್ನಿಸ್ತು?"

"ನನಗೆ ಗೊತ್ತಾಗಲಿಲ್ಲ," ಎಂದಳು.

ಯಜಮಾನರು ಅವಳನ್ನು ವಿಚಿತ್ರವಾಗಿ ನೋಡಿದರು, ಯಾವತ್ತೂ ಕೈಕೊಡದ ಗಾಡಿ ಏರಿನಲ್ಲಿ ನಿಂತುಬಿಟ್ಟ ಹಾಗೆ. ಮತ್ತೆ ಎರಡು ಸುತ್ತು ನಡೆದರು. "ಸರಿ ಹಾಗಾದ್ರೆ. ಇರೋ ಹಾಗೇ ಇರಲಿ," ಎಂದರು. ಕೋಚ್ ಫೋನಿನ ಮೇಲೆ ಹೆಬ್ಬೆರಳು ಒತ್ತಿದ. ಅಷ್ಟೇ. ಮರಿಯದೂ ಸೇರಿ ಐದು ಹೆಸರು ಹೊರಟುಹೋದವು, ಸದ್ದೂ ಆಗಲಿಲ್ಲ. ಏನನ್ನೂ ಸೇರಿಸದೆ, ಏನನ್ನೂ ತೆಗೆಯದೆ ಕೇಳಿದ್ದನ್ನು ಕೇಳಿದ ಹಾಗೇ ತಂದು ಒಪ್ಪಿಸಿದ ಈ ಒಂದು ಸಲವೇ ಒಬ್ಬನ ಅನ್ನಕ್ಕೆ ಕಲ್ಲು ಬಿದ್ದಿತ್ತು. ಒಂದು ಸುಳ್ಳು ಹೇಳಿದ್ದರೆ ಉಳಿಯುತ್ತಿದ್ದ. ಹಾಗೆಂದು ಸುಳ್ಳು ಸರಿಯೇ? ತಲೆಯೊಳಗೆ ಯಾರೋ ಮೇಜು ಕುರ್ಚಿಗಳನ್ನೆಲ್ಲ ಎಳೆದಾಡಿ, ಎಲ್ಲಿಡಬೇಕೆಂದು ತಿಳಿಯದೆ ಬಿಟ್ಟುಹೋದ ಹಾಗಿತ್ತು.

ಅಜ್ಜ ಮೆಟ್ಟಿಲ ಬಳಿ ಸಿಕ್ಕ. ಕೋಚ್ ಆಗಲೇ ಹೇಳಿದ್ದ. ಬೆನ್ನಿಗೊಂದು ಚೀಲ, ಕಂಕುಳಲ್ಲಿ ಅವನದೇ ಕೀಲಿಮಣೆ, ಅದರ ತಂತಿ ಸುರುಳಿ ಬಿಚ್ಚಿ ನೆಲಕ್ಕೆ ತಾಗುತ್ತಿತ್ತು. ಅವಳನ್ನು ಕಂಡು ನಿಂತ. "ಅಕ್ಕಾ, ನನ್ನ ಪರವಾಗಿ ಕುರ್ಚಿಯವರ ಹತ್ರ ನೇರವಾಗಿ ಕೇಳಿದ್ರಂತೆ. ಕೋಚ್ ಹೇಳಿದ್ರು. ಯಾರೂ ಹಾಗೆ ಕೇಳಲ್ಲ."

ಅವಳು ತಂತಿಯನ್ನು ನೋಡಿದಳು. ಯಾರಾದರೂ ಎಡವಿಯಾರು ಎನಿಸಿತು. ಬಗ್ಗಿ ಅದನ್ನೆತ್ತಿ ಸುತ್ತಿ ಅವನ ಕೈಗೆ ಕೊಟ್ಟಳು. "ಅವರು ನೀನು ಬೇಡ ಅಂತ ಹೇಳೇ ಇರ್ಲಿಲ್ಲ," ಎಂದಳು. "ನಿನ್ನ ವಯಸ್ಸೆಷ್ಟು ಅಂತ ಕೇಳಿದ್ರು, ಅಷ್ಟೇ. ಬೇಡ ಅಂತ ಹೇಳಿದ್ದು ನಾನು. ನಾನೇ ಅರ್ಥ ಮಾಡ್ಕೊಂಡೆ, ನಾನೇ ಯಜಮಾನರಿಗೆ ಹೇಳಿದೆ. ಅವರ ಬಾಯಲ್ಲಿ ಆ ಮಾತು ಬಂದಿಲ್ಲ."

ಅಜ್ಜ ಗಮನವಿಟ್ಟು ಕೇಳಿದ. ಮುಖದಲ್ಲಿ ಏನೋ ಬಂದು, ಹೋಗಿ, ಕೊನೆಗೆ ಮೆಲ್ಲಗೆ ಒಂದು ನಗು ಉಳಿಯಿತು. "ಬಿಡಿ ಅಕ್ಕಾ," ಎಂದ. "ನನಗೆ ಬೇಜಾರಾಗಬಾರ್ದು ಅಂತ ಅಷ್ಟು ದೊಡ್ಡ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೋಬೇಡಿ. ಅಷ್ಟು ದೂರದಿಂದ ಬರೋರು, ಅವರಿಗೆ ಏನು ಬೇಕು ಅಂತ ಅವರು ಹೇಳಿರ್ತಾರೆ."

"ಇಲ್ಲ, ಕೇಳು. ಹೇಳಿಲ್ಲ. ನಿಜವಾಗ್ಲೂ ನಾನೇ."

"ಎಲ್ಲರ ಹತ್ರಾನೂ ನೀವು ಹೀಗೇ ಒಳ್ಳೇದಾಗೋ ಹಾಗೆ ಮಾತಾಡ್ತೀರಿ. ನಾವು ನೋಡಿಲ್ವಾ." ಅವನು ಕೀಲಿಮಣೆಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡ.

"ಮಾರಾಯ, ಇದು ಹಾಗಲ್ಲ. ನಾನು ಹೇಳ್ತಿರೋದು ನಡೆದಿದ್ದು," ಎಂದಳು. ಅವನ ತೋಳು ಹಿಡಿದುಕೊಂಡಳು. ಸಿಟ್ಟು ಮಾಡಲಿ, ಒಂದು ಕೆಟ್ಟ ಮಾತಾದರೂ ಆಡಲಿ ಎಂದು ಅವನ ಮುಖವನ್ನೇ ನೋಡಿದಳು. ಆ ಮುಖ ಅವಳಿಗೆ ಮೊದಲ ಬಾರಿಗೆ ಸ್ಪಷ್ಟವಾಗಿ ಓದಲು ಬಂತು. ಅವನು ಒಂದಕ್ಷರವನ್ನೂ ನಂಬಿರಲಿಲ್ಲ.

"ಆಯ್ತು ಅಕ್ಕಾ," ಎಂದ ಅವನು, ಅತ್ಯಂತ ಮರ್ಯಾದೆಯಿಂದ, ಅವಳಿಗೆ ನೋವಾಗದ ಹಾಗೆ ತೋಳು ಬಿಡಿಸಿಕೊಳ್ಳುತ್ತಾ. "ನೀವು ಹೇಳಿದ ಹಾಗೇ ಇರಲಿ."